‘ಅರ್ಧದಲ್ಲೇ ಗೊತ್ತಾಯ್ತು’: ಥ್ರಿಲ್ಲರ್ ಓದುಗರ ಹಳೇ ಜಗಳದ ಕಥೆ

1860ರ ಅಕ್ಟೋಬರ್‌ನಲ್ಲಿ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಮರ್ಶಕರೊಬ್ಬರು ಕಾದಂಬರಿಯೊಂದನ್ನು ಓದುತ್ತಾ ತಾರೀಕುಗಳ ಲೆಕ್ಕ ಹಾಕಿದರು. ಕಾದಂಬರಿ ವಿಲ್ಕಿ ಕಾಲಿನ್ಸ್ ಬರೆದ ‘ದಿ ವುಮನ್ ಇನ್ ವೈಟ್’. ಅದರ ಗುಟ್ಟೆಲ್ಲ ನಿಂತಿರುವುದು ಒಬ್ಬಾಕೆ ಯಾವ ದಿನ ಪ್ರಯಾಣ ಹೊರಟಳು ಎನ್ನುವುದರ ಮೇಲೆ. ಲೆಕ್ಕ ನೋಡಿದರೆ ಎರಡು ವಾರ ಏರುಪೇರು! ಕಥೆಯ ಕೀಲೇ ಕಳಚಿದಂತಾಯಿತು. ಕಾಲಿನ್ಸ್ ತಪ್ಪನ್ನು ಒಪ್ಪಿಕೊಂಡು ಮುಂದಿನ ಮುದ್ರಣದಲ್ಲಿ ತಾರೀಕು ತಿದ್ದಿದರು.

ತಮಾಷೆ ಏನೆಂದರೆ, ಅಷ್ಟು ಹೊತ್ತಿಗೆ ಸಾವಿರಾರು ಜನ ಅದನ್ನು ಉಸಿರು ಬಿಗಿಹಿಡಿದು ಓದಿ ಮುಗಿಸಿದ್ದರು. ಯಾರಿಗೂ ತಾರೀಕಿನ ಚಿಂತೆ ಇರಲಿಲ್ಲ. ಕಾದಂಬರಿಯ ಹೆಸರಿನಲ್ಲಿ ಅತ್ತರು ಬಂತು, ಮೇಲಂಗಿ ಬಂತು, ಕುಣಿಯಲು ವಾಲ್ಟ್ಜ್ ಸಂಗೀತವೂ ಬಂತು. ಒಂದೇ ಪುಸ್ತಕ. ಒಬ್ಬರಿಗೆ ತೂತು ಕಂಡಿತು, ಉಳಿದವರಿಗೆ ನಿದ್ದೆ ಹಾರಿತು.

ಈ ದೃಶ್ಯ ಇವತ್ತಿಗೂ ಬದಲಾಗಿಲ್ಲ. ಹೆಸರು ಮಾಡಿದ ಯಾವುದೇ ಸಸ್ಪೆನ್ಸ್ ಥ್ರಿಲ್ಲರ್ ತಗೊಳ್ಳಿ. ‘ಒಂದೇ ರಾತ್ರಿಯಲ್ಲಿ ಮುಗಿಸಿದೆ’ ಎನ್ನುವವರ ಪಕ್ಕದಲ್ಲೇ ‘ಅರ್ಧಕ್ಕೇ ಗೊತ್ತಾಯ್ತು’ ಎನ್ನುವವರು ಇರುತ್ತಾರೆ. ‘ಕೊನೆ ಅದ್ಭುತ’ ಎಂದು ಒಬ್ಬರು, ‘ಕೊನೆಯಲ್ಲಿ ಮೋಸ’ ಎಂದು ಇನ್ನೊಬ್ಬರು. ‘ಪಾತ್ರಗಳಲ್ಲಿ ಒಬ್ಬರೂ ಇಷ್ಟವಾಗಲಿಲ್ಲ’ ಎಂದು ಮುಖ ಸಿಂಡರಿಸುವವರೂ ಉಂಟು. ಇದನ್ನು ರುಚಿಭೇದ ಎಂದು ಸುಮ್ನೆ ತಳ್ಳಿಹಾಕಬಹುದು. ನನಗೆ ಹಾಗನ್ನಿಸುವುದಿಲ್ಲ. ಈ ಬಗೆಯ ಕಾದಂಬರಿ ಒಂದೊಂದು ಕಾಲದಲ್ಲಿ ಓದುಗರಿಗೆ ಒಂದೊಂದು ಮಾತು ಕೊಟ್ಟಿದೆ. ಆ ಮಾತುಗಳು ಯಾವುವೂ ರದ್ದಾಗಿಲ್ಲ. ಇವತ್ತು ಪುಸ್ತಕ ಕೈಗೆತ್ತಿಕೊಳ್ಳುವವರು ಯಾವ ಕಾಲದ ಮಾತು ನಂಬಿ ಕೂತಿದ್ದಾರೆ ಅನ್ನೋದರ ಮೇಲೆ ಅವರ ತೀರ್ಪು ನಿಂತಿದೆ.

ಮೊದಲ ಮಾತು ಬಹಳ ಸರಳ: ನಿಮ್ಮನ್ನು ಕಾಯಿಸುತ್ತೇನೆ. ಕಾಲಿನ್ಸ್ ಕಾದಂಬರಿ ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ 1859ರ ನವೆಂಬರ್‌ನಿಂದ 1860ರ ಆಗಸ್ಟ್‌ವರೆಗೆ ಕಂತುಕಂತಾಗಿ ಬಂತು. ಪ್ರತಿ ಕಂತಿನ ಕೊನೆಗೂ ಓದುಗರನ್ನು ತುದಿಗಾಲಿನಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ಮುಂದಿನ ವಾರ ಪತ್ರಿಕೆ ಯಾರು ಕೊಳ್ಳುತ್ತಾರೆ? ಕೊನೆಗೆ ಏನಾಗುತ್ತದೆ ಎನ್ನುವುದಕ್ಕಿಂತ ಮುಂದಿನ ವಾರ ಏನಾಗುತ್ತದೆ ಎನ್ನುವುದೇ ದೊಡ್ಡದು. ವಾರಗಟ್ಟಲೆ ಬಿಡುವಿನಲ್ಲಿ ಓದುವವರಿಗೆ ಎರಡು ವಾರದ ಲೆಕ್ಕ ತಪ್ಪಿದ್ದು ಎಲ್ಲಿ ಕಾಣಬೇಕು? ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದವರ ಕಣ್ಣಿಗೆ ಮಾತ್ರ ಅದು ಬಿತ್ತು.

ಆಗಲೂ ಬೈದವರಿದ್ದರು. ಇಂಥ ಕಾದಂಬರಿಗಳಿಗೆ ‘ಸೆನ್ಸೇಷನ್ ನಾವೆಲ್’ ಎಂಬ ಹೆಸರು ಅಂಟಿತ್ತು. 1863ರಲ್ಲಿ ಹೆನ್ರಿ ಮ್ಯಾನ್ಸೆಲ್ ಎಂಬ ತತ್ತ್ವಶಾಸ್ತ್ರಜ್ಞ, ಪಾದ್ರಿಯೂ ಹೌದು, ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಇವುಗಳ ಜನ್ಮ ಜಾಲಾಡಿದರು. ಇವು ಬುದ್ಧಿಯನ್ನು ಬಿಟ್ಟು ನರಗಳಿಗೆ ಉಪದೇಶ ಮಾಡುತ್ತವೆ, ಅಂಗಡಿ ಸರಕಿನಂತೆ ತಯಾರಾಗುತ್ತವೆ ಅನ್ನೋದು ಅವರ ದೂರು. ರೈಲು ನಿಲ್ದಾಣದ ಪುಸ್ತಕದಂಗಡಿಗಳನ್ನೂ ಅವರು ಬಿಡಲಿಲ್ಲ. ಇವತ್ತಿನ ‘ಏರ್‌ಪೋರ್ಟ್ ನಾವೆಲ್’ ಎಂಬ ಮೂದಲಿಕೆಯ ಅಜ್ಜ ಇದು. 105 ಪುಟಾಣಿ ಅಧ್ಯಾಯಗಳ ‘ದ ಡಾ ವಿಂಚಿ ಕೋಡ್’ 2003ರಲ್ಲಿ ಬಂದಾಗ ಕೇಳಿದ ಬೈಗುಳಗಳನ್ನು ಮ್ಯಾನ್ಸೆಲ್ ಲೇಖನದ ಪಕ್ಕದಲ್ಲಿಟ್ಟು ನೋಡಿ. ನೂರ ನಲವತ್ತು ವರ್ಷಗಳಲ್ಲಿ ದೂರು ಜಾಸ್ತಿ ಬದಲಾಗಿಲ್ಲ.

ಎರಡನೇ ಮಾತು ಬಂದಿದ್ದು 1920ರ ದಶಕದಲ್ಲಿ: ನಿಮ್ಮ ಜೊತೆ ಮೋಸವಿಲ್ಲದ ಪಂದ್ಯ ಆಡುತ್ತೇನೆ. ನಮ್ಮ ಇವತ್ತಿನ ಜಗಳಗಳ ಬೇರು ಬಹುಪಾಲು ಇರುವುದು ಇಲ್ಲೇ.

1926ರಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ ಪ್ರಕಟವಾಯಿತು. ಕೊಲೆಗಾರ ಯಾರು ಎಂದು ನಾನು ಇಲ್ಲಿ ಹೇಳುವುದಿಲ್ಲ, ಓದದವರು ನನ್ನನ್ನು ಬೈಯಬಾರದಲ್ವಾ. ಆದರೆ ಕೊನೆ ತಿಳಿದ ಮೇಲೆ ಓದುಗರು ಎರಡು ಪಾಲಾದರು. ಭಲೇ ಎಂದವರು ಒಂದು ಕಡೆ. ಇದು ಆಟದ ನಿಯಮ ಮುರಿದ ಮೋಸ ಎಂದವರು ಇನ್ನೊಂದು ಕಡೆ. ಪತ್ತೇದಾರಿ ಕಾದಂಬರಿಕಾರ್ತಿ ಡೊರೊಥಿ ಸೇಯರ್ಸ್ ಕ್ರಿಸ್ಟಿಯವರ ಪರ ನಿಂತರು. ಎಲ್ಲರನ್ನೂ ಅನುಮಾನಿಸಬೇಕಾದ್ದು ಓದುಗರ ಕೆಲಸ, ಬಿಟ್ಟಿದ್ದರೆ ತಪ್ಪು ಓದುಗರದ್ದು ಎಂಬುದು ಅವರ ವಾದ. ಕ್ರಿಸ್ಟಿಯವರೂ ತಮ್ಮ ಆತ್ಮಕಥೆಯಲ್ಲಿ, ಪುಸ್ತಕದಲ್ಲಿ ಸುಳ್ಳು ಎಲ್ಲೂ ಇಲ್ಲ ಎಂದು ಸಮರ್ಥಿಸಿಕೊಂಡಿದ್ದಾರೆ. ಮೊದಲ ಓದಿನಲ್ಲಿ ನಾನು ಮೋಸ ಎಂದ ಪಕ್ಷದವನು. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಸುಳಿವುಗಳು ಕಣ್ಣೆದುರೇ ಇದ್ದವು, ನಾನೇ ದಾಟಿ ಹೋಗಿದ್ದೆ. ಸಿಟ್ಟು ಹೋಗಿ ನಾಚಿಕೆ ಬಂತು.

ಈ ಗಲಾಟೆ ತಣ್ಣಗಾಗುವ ಮೊದಲೇ ನಿಯಮಗಳ ಪಟ್ಟಿ ಬಂತು. 1928ರಲ್ಲಿ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ 20 ನಿಯಮ ಬರೆದರು. ಪತ್ತೇದಾರಿ ಕಥೆ ಬುದ್ಧಿಯ ಆಟ, ಸುಳಿವುಗಳು ಓದುಗರಿಗೂ ಪತ್ತೇದಾರನಿಗೂ ಸಮವಾಗಿ ಸಿಗಬೇಕು, ಪ್ರೀತಿ ಪ್ರೇಮದ ಗೊಡವೆ ಬೇಡ, ಹೆಣ ಮಾತ್ರ ಕಡ್ಡಾಯ! ಮರುವರ್ಷ ಇಂಗ್ಲೆಂಡಿನಲ್ಲಿ ಪಾದ್ರಿ ರೊನಾಲ್ಡ್ ನಾಕ್ಸ್ ತಮ್ಮ ‘ಹತ್ತು ಕಟ್ಟಳೆ’ಗಳನ್ನು ಹೊರಡಿಸಿದರು. ರಹಸ್ಯ ಕೋಣೆ ಒಂದಕ್ಕಿಂತ ಹೆಚ್ಚು ಇರಕೂಡದು. ಅವಳಿ ಜವಳಿಗಳನ್ನು ದಿಢೀರನೆ ತರಬಾರದು. ಪತ್ತೇದಾರನೇ ಕೊಲೆ ಮಾಡಬಾರದು. 1930ರಲ್ಲಿ ಪತ್ತೇದಾರಿ ಬರಹಗಾರರ ‘ಡಿಟೆಕ್ಷನ್ ಕ್ಲಬ್’ ಹುಟ್ಟಿತು, ಜಿ. ಕೆ. ಚೆಸ್ಟರ್ಟನ್ ಮೊದಲ ಅಧ್ಯಕ್ಷರಾದರು. ಕಾಕತಾಳೀಯ, ದೈವವಾಣಿ, ಮಾಟಮಂತ್ರದಿಂದ ಕೊಲೆಗಾರನನ್ನು ಹಿಡಿಸುವುದಿಲ್ಲ ಎಂದು ಸೇರುವವರು ಪ್ರಮಾಣ ಮಾಡಬೇಕಿತ್ತು. ಅದರಲ್ಲಿ ತಮಾಷೆಯೂ ಬೆರೆತಿತ್ತು. ಆದರೆ ಅದು ಬಿತ್ತಿದ ನಂಬಿಕೆ ತಮಾಷೆಯದಾಗಿರಲಿಲ್ಲ. ಕಾದಂಬರಿ ಎಂದರೆ ಬರೆದವರಿಗೂ ಓದುವವರಿಗೂ ನಡುವಿನ ಪಂದ್ಯ.

ಪ್ರಕಾಶಕರು ಸುಮ್ಮನಿರುತ್ತಾರೆಯೇ? ನ್ಯೂಯಾರ್ಕಿನ ‘ಹಾರ್ಪರ್’ ಸಂಸ್ಥೆ ಆ ಹೊತ್ತಿನಲ್ಲೇ ‘ಸೀಲ್ಡ್ ಮಿಸ್ಟರಿ’ ಎಂಬ ಮಾಲೆ ತಂದಿತು. ಪುಸ್ತಕದ ಕೊನೆಯ ಭಾಗವನ್ನು ಕಾಗದದಿಂದ ಸುತ್ತಿ ಸೀಲ್ ಮಾಡಿರುತ್ತಿದ್ದರು. ಅಲ್ಲಿಯವರೆಗೆ ಓದಿ, ಮುಂದೆ ಓದುವ ಆಸೆಯನ್ನು ತಡೆದುಕೊಂಡು, ಸೀಲ್ ಒಡೆಯದೆ ವಾಪಸ್ ಕೊಟ್ಟರೆ ಹಣ ವಾಪಸ್. ಎಷ್ಟು ಜನ ವಾಪಸ್ ಕೊಟ್ಟಿರಬಹುದು, ನೀವೇ ಊಹಿಸಿ!

‘ಅರ್ಧಕ್ಕೇ ಗೊತ್ತಾಯ್ತು’ ಎಂಬ ಮಾತು ಈಗ ಬೇರೆ ಥರ ಕೇಳಿಸುತ್ತದೆ. ಹೇಳುವವರು ಪಂದ್ಯ ಗೆದ್ದೆ ಎನ್ನುತ್ತಿದ್ದಾರೆ, ಜೊತೆಗೆ ಎದುರಾಳಿ ಸಪ್ಪೆಯಾಗಿದ್ದ ಎಂದು ಗೊಣಗುತ್ತಿದ್ದಾರೆ. ‘ಇದನ್ನು ಯಾರೂ ಊಹಿಸಲು ಸಾಧ್ಯವೇ ಇರಲಿಲ್ಲ’ ಎಂಬ ದೂರಿನದೂ ಅದೇ ಮೂಲ, ಎದುರಾಳಿ ಕಳ್ಳಾಟ ಆಡಿದ ಅಂತ. ಬರೆದವರ ಪಾಡು ನೋಡಿ. ಗೊತ್ತಾದರೂ ತಪ್ಪು, ಗೊತ್ತಾಗದಿದ್ದರೂ ತಪ್ಪು.

ಈ ಪಂದ್ಯವೇ ಬೇಡ ಎಂದು ಹೊರಟವರೂ ಆಗಲೇ ಇದ್ದರು. 1931ರಲ್ಲಿ ಫ್ರಾನ್ಸಿಸ್ ಐಲ್ಸ್ ಎಂಬ ಹೆಸರಿನಲ್ಲಿ ‘ಮ್ಯಾಲಿಸ್ ಅಫೋರ್‌ಥಾಟ್’ ಬಂತು. ಡಾಕ್ಟರೊಬ್ಬ ಹೆಂಡತಿಯನ್ನು ಕೊಲ್ಲಲು ತೀರ್ಮಾನಿಸಿದ ಎಂದು ಮೊದಲ ವಾಕ್ಯದಲ್ಲೇ ಹೇಳಿಬಿಡುತ್ತದೆ. ಬರೆದವರು ಬೇರೆ ಯಾರೂ ಅಲ್ಲ, ಡಿಟೆಕ್ಷನ್ ಕ್ಲಬ್ ಕಟ್ಟಿದವರಲ್ಲೇ ಒಬ್ಬರಾದ ಆಂಥನಿ ಬರ್ಕ್ಲಿ. ಯಾರು ಎಂಬ ಪ್ರಶ್ನೆ ಹೋದರೆ ಉಳಿಯುವುದೇನು? ಸಿಕ್ಕಿಬೀಳುತ್ತಾನಾ, ಹೇಗೆ, ಯಾವಾಗ. ಮುಂದೆ 1955ರಲ್ಲಿ ಪೆಟ್ರೀಷಿಯಾ ಹೈಸ್ಮಿತ್ ತಮ್ಮ ಕೊಲೆಗಾರ ನಾಯಕ ರಿಪ್ಲಿಯನ್ನು ಸೃಷ್ಟಿಸಿದಾಗ ಓದುಗರು ಕೊಲೆಗಾರ ತಪ್ಪಿಸಿಕೊಳ್ಳಲಿ ಎಂದು ಹರಕೆ ಹೊರುವ ಹಂತಕ್ಕೆ ಬಂದಿದ್ದರು.

ಈ ವ್ಯತ್ಯಾಸವನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿ ಹೇಳಿದವರು ಸಿನಿಮಾ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್. ಫ್ರಾನ್ಸಿನ ನಿರ್ದೇಶಕ ಟ್ರುಫೊ ಜೊತೆ ಮಾತಾಡುತ್ತಾ ಅವರು ಕೊಟ್ಟ ಉದಾಹರಣೆ ಇದು. ಇಬ್ಬರು ಮೇಜಿನ ಮುಂದೆ ಹರಟುತ್ತಿದ್ದಾರೆ. ಇದ್ದಕ್ಕಿದ್ದಂತೆ ಬಾಂಬ್ ಸಿಡಿಯುತ್ತದೆ. ಪ್ರೇಕ್ಷಕರಿಗೆ ಸಿಕ್ಕಿದ್ದು 15 ಸೆಕೆಂಡಿನ ಅಚ್ಚರಿ. ಮೇಜಿನ ಕೆಳಗೆ ಬಾಂಬ್ ಇದೆ ಎಂದು ಮೊದಲೇ ತೋರಿಸಿ, ಗೋಡೆ ಗಡಿಯಾರವನ್ನೂ ತೋರಿಸಿದರೆ ಅದೇ ಹರಟೆ 15 ನಿಮಿಷ ಕೈಬೆವರು ಬರಿಸುತ್ತದೆ. ಮೊದಲನೆಯದು ಅಚ್ಚರಿ, ಎರಡನೆಯದು ಸಸ್ಪೆನ್ಸ್. ಗುಟ್ಟು ಮುಚ್ಚಿಟ್ಟರೆ ಒಂದು ಸಿಗುತ್ತದೆ, ಬಿಚ್ಚಿಟ್ಟರೆ ಇನ್ನೊಂದು. ನಮ್ಮ ಪುಸ್ತಕಗಳ ರಕ್ಷಾಪುಟದಲ್ಲಿ ‘ಸಸ್ಪೆನ್ಸ್’ ಎಂದು ಅಚ್ಚು ಹಾಕಿ ಒಳಗೆ ಅಚ್ಚರಿ ಮಾರುವುದು ಎಷ್ಟು ಮಾಮೂಲಿ ಎಂದರೆ, ಎರಡೂ ಒಂದೇ ಎಂದು ಓದುಗರೂ ಬರೆಯುವವರೂ ನಂಬಿಬಿಟ್ಟಿದ್ದೇವೆ.

ನಡುವೆ ಒಂದು ಜಗಳವನ್ನು ಹೇಳದೆ ಮುಂದೆ ಹೋಗಲು ಮನಸ್ಸು ಬರುತ್ತಿಲ್ಲ. 1944ರಲ್ಲಿ ಅಮೆರಿಕದ ದೊಡ್ಡ ವಿಮರ್ಶಕ ಎಡ್ಮಂಡ್ ವಿಲ್ಸನ್ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ಜನ ಪತ್ತೇದಾರಿ ಕಥೆ ಯಾಕೆ ಓದುತ್ತಾರೋ ತಿಳಿಯದು ಎಂದು ಬರೆದರು. ಓದುಗರ ಕಾಗದಗಳು ರಾಶಿ ಬಿದ್ದವು. ನೀವು ಓದಿದ್ದು ಸರಿಯಾದ ಪುಸ್ತಕಗಳಲ್ಲ, ಇವನ್ನು ಓದಿ ನೋಡಿ ಎಂದು ಹೆಸರುಗಳನ್ನೂ ಕೊಟ್ಟರು. ಪಾಪ, ವಿಲ್ಸನ್ ಓದಿದರು. 1945ರ ಜನವರಿಯಲ್ಲಿ ಎರಡನೇ ಲೇಖನ ಬರೆದರು. ಅದು ಮೊದಲನೆಯದಕ್ಕಿಂತ ಖಾರವಾಗಿತ್ತು. ಈ ಓದನ್ನು ಧೂಮಪಾನ, ಪದಬಂಧಗಳ ಸಾಲಿಗೆ ಸೇರಿಸಿದರು. ಲೇಖನದ ಶೀರ್ಷಿಕೆಯ ಅರ್ಥ, ರೋಜರ್ ಆಕ್ರಾಯ್ಡನನ್ನು ಯಾರು ಕೊಂದರೆ ಯಾರಿಗೇನು! ಅದೇ ಆಕ್ರಾಯ್ಡ್ ಕಾದಂಬರಿಯನ್ನು 2013ರಲ್ಲಿ ಬ್ರಿಟನ್ನಿನ ‘ಕ್ರೈಮ್ ರೈಟರ್ಸ್ ಅಸೋಸಿಯೇಷನ್’ ಸದಸ್ಯರು ಮತ ಹಾಕಿ ಈವರೆಗಿನ ಅತ್ಯುತ್ತಮ ಅಪರಾಧ ಕಾದಂಬರಿ ಎಂದು ಆರಿಸಿದರು.

ಮೂರನೇ ಮಾತು ನಮ್ಮ ಕಾಲದ್ದು: ಕಥೆ ಹೇಳುವವರನ್ನೇ ನಂಬಬೇಡಿ. ಇಂಥ ನಿರೂಪಕರಿಗೆ ‘ಅನ್‌ರಿಲಯಬಲ್ ನ್ಯಾರೇಟರ್’ ಎಂಬ ಹೆಸರನ್ನು ವಿಮರ್ಶಕ ವೇಯ್ನ್ ಬೂತ್ 1961ರಲ್ಲೇ ಕೊಟ್ಟಿದ್ದರು. ಅದು ಮನೆಮಾತಾಗಲು ಐವತ್ತು ವರ್ಷ ಬೇಕಾಯಿತು. 2012ರಲ್ಲಿ ಗಿಲಿಯನ್ ಫ್ಲಿನ್ ಅವರ ‘ಗಾನ್ ಗರ್ಲ್’ ಬಂತು. ಮದುವೆಯಾಗಿ ಐದು ವರ್ಷ ತುಂಬಿದ ದಿನವೇ ಹೆಂಡತಿ ಕಾಣೆ. ಗಂಡನ ಮಾತು ಒಂದು ಅಧ್ಯಾಯ, ಹೆಂಡತಿಯ ಡೈರಿ ಒಂದು ಅಧ್ಯಾಯ. ಇಬ್ಬರಲ್ಲಿ ಯಾರನ್ನು ನಂಬಬೇಕು? 2015ರಲ್ಲಿ ಪೌಲಾ ಹಾಕಿನ್ಸ್ ಅವರ ‘ದಿ ಗರ್ಲ್ ಆನ್ ದಿ ಟ್ರೇನ್’ ಬಂದಾಗ ಮುಖ್ಯ ನಿರೂಪಕಿಗೆ ತನ್ನ ಮೇಲೇ ನಂಬಿಕೆ ಇರಲಿಲ್ಲ. ಕುಡಿದ ರಾತ್ರಿ ಏನಾಯಿತು ಎಂಬುದು ಅವಳಿಗೇ ನೆನಪಿಲ್ಲ.

ಇಲ್ಲಿಂದ ಹೊಸ ದೂರು ಶುರುವಾಯಿತು. ಪಾತ್ರಗಳು ಇಷ್ಟವಾಗುವುದಿಲ್ಲ. ಹಳೇ ಪತ್ತೇದಾರಿ ಕಥೆಯಲ್ಲಿ ಹೆಣದ ಬಗ್ಗೆ ಯಾರೂ ಜಾಸ್ತಿ ತಲೆಕೆಡಿಸಿಕೊಳ್ಳುತ್ತಿರಲಿಲ್ಲ, ಕೊನೆಗೆ ಪತ್ತೇದಾರ ಎಲ್ಲರನ್ನೂ ಕೂರಿಸಿ ಎಲ್ಲ ಸರಿಮಾಡುತ್ತಿದ್ದ. ಈಗ ನಾನೂರು ಪುಟ ಒಬ್ಬರ ತಲೆಯೊಳಗೇ ಬಾಡಿಗೆಗೆ ಇರಬೇಕು. ಆ ತಲೆ ಅಸಹ್ಯವಾಗಿದ್ದರೆ? ‘ಗಾನ್ ಗರ್ಲ್’ ಕೊನೆಯ ಬಗ್ಗೆ ಓದುಗರು ಇನ್ನೂ ಜಗಳವಾಡುತ್ತಾರೆ. ತಪ್ಪಿಗೆ ಶಿಕ್ಷೆ ಆಗಲೇಬೇಕು ಎನ್ನುವವರು ಡಿಟೆಕ್ಷನ್ ಕ್ಲಬ್ ಕಾಲದಿಂದ ಬಂದವರು. ಇಂಥ ದಾಂಪತ್ಯಕ್ಕೆ ಅದೇ ತಕ್ಕ ಕೊನೆ ಎನ್ನುವವರು ಹೈಸ್ಮಿತ್ ದಾರಿಯವರು. ನನ್ನ ಮತ ಎರಡನೆಯವರಿಗೆ. ಆದರೆ ಆ ಕಾದಂಬರಿ ಗೆದ್ದ ಮೇಲೆ ಹೆಸರಿನಲ್ಲಿ ‘ಗರ್ಲ್’ ಹೊತ್ತು ಬಂದ ಪುಸ್ತಕಗಳ ಸಾಲಿನಲ್ಲಿ ತಿರುವಿಗಾಗಿ ತಿರುವು ಇಟ್ಟವೇ ಹೆಚ್ಚು. ‘ಕೊನೆಯ ತಿರುವನ್ನು ನೀವು ಊಹಿಸಲಾರಿರಿ’ ಎಂದು ಮುಖಪುಟದಲ್ಲೇ ಬರೆದುಬಿಟ್ಟರೆ, ಓದುಗರು ಮೊದಲ ಪುಟದಿಂದಲೇ ಅದನ್ನು ಹುಡುಕುತ್ತಾ ಕೂರುತ್ತಾರೆ. ಆಮೇಲೆ ಗೊತ್ತಾಗದೆ ಇರುತ್ತದಾ?

ಅಂದಹಾಗೆ, ಗೊತ್ತಾದರೆ ನಿಜಕ್ಕೂ ರುಚಿ ಕೆಡುತ್ತದೆಯೇ? 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು 12 ಸಣ್ಣಕಥೆಗಳನ್ನು ಇಟ್ಟುಕೊಂಡು ಇದನ್ನು ಪರೀಕ್ಷಿಸಿದರು. ಕೊನೆಯನ್ನು ಮೊದಲೇ ಹೇಳಿದಾಗ ಓದುಗರಿಗೆ ಕಥೆ ಇನ್ನೂ ಹೆಚ್ಚು ಹಿಡಿಸಿತ್ತು! ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಉಲ್ಟಾ ಉತ್ತರವೂ ಬಂತು. ಈ ವಿಷಯದಲ್ಲಿ ಸಂಶೋಧಕರೂ ಓದುಗರ ಹಾಗೇ ಎರಡು ಪಾಲು.

ಕೊನೆಯ ಬಗ್ಗೆಯೇ ಇಷ್ಟೆಲ್ಲ ಜಗಳವಾದರೆ, ಕೊನೆಯೇ ಇಲ್ಲದ ಕಾದಂಬರಿ ಬರೆದರೆ ಹೇಗೆ? ಅದೂ ಆಗಿಹೋಗಿದೆ. 1870ರಲ್ಲಿ ಡಿಕನ್ಸ್ ‘ದಿ ಮಿಸ್ಟರಿ ಆಫ್ ಎಡ್ವಿನ್ ಡ್ರೂಡ್’ ಬರೆಯುತ್ತಲೇ ತೀರಿಕೊಂಡರು. ಯೋಜಿಸಿದ್ದು 12 ಕಂತು, ಬರೆದಿದ್ದು 6. ಡ್ರೂಡ್ ಕಾಣೆಯಾಗಿದ್ದಾನೆ, ಕೊಲೆಯಾದನೋ ಇಲ್ಲವೋ ಗೊತ್ತಿಲ್ಲ, ಅನುಮಾನವೆಲ್ಲ ಅವನ ಸೋದರಮಾವ ಜ್ಯಾಸ್ಪರ್ ಮೇಲೆ. 1914ರ ಜನವರಿಯಲ್ಲಿ ಡಿಕನ್ಸ್ ಅಭಿಮಾನಿಗಳು ಲಂಡನ್ನಿನಲ್ಲಿ ಜ್ಯಾಸ್ಪರನ ಅಣಕು ವಿಚಾರಣೆ ನಡೆಸಿದರು. ನ್ಯಾಯಾಧೀಶರು ಜಿ. ಕೆ. ಚೆಸ್ಟರ್ಟನ್, ಜ್ಯೂರಿಯ ಮುಖಂಡ ಬರ್ನಾರ್ಡ್ ಶಾ. ಗಂಟೆಗಟ್ಟಲೆ ವಾದ ನಡೆಯಿತು. ಕೊನೆಗೆ ಶಾ ಎದ್ದು, ಕೊಲೆಯೂ ಅಲ್ಲ, ನಿರಪರಾಧವೂ ಅಲ್ಲ, ನಡುವಿನದೊಂದು ತೀರ್ಪು ಕೊಟ್ಟರು. ಚೆಸ್ಟರ್ಟನ್ ಅದನ್ನು ಕೇಳಿಸಿಕೊಂಡು, ತಮ್ಮೊಬ್ಬರನ್ನು ಬಿಟ್ಟು ಅಲ್ಲಿದ್ದ ಎಲ್ಲರಿಗೂ ನ್ಯಾಯಾಂಗ ನಿಂದನೆಯ ದಂಡ ಹಾಕಿ ಕಲಾಪ ಮುಗಿಸಿದರು.