ಅರ್ಥಿಂಗ್ ಬರ್ತಿದೆ ಅಂದರೆ?

ಹೋದ ತಿಂಗಳು ಪರಿಚಯದವರೊಬ್ಬರ ಮನೆಯ ಶೆಡ್ಡಿನಲ್ಲಿ ಟೇಬಲ್ ಗರಗಸ ನೋಡಿದೆ. ಕಬ್ಬಿಣದ ಆಂಗಲ್ ವೆಲ್ಡ್ ಮಾಡಿದ ಸ್ಟ್ಯಾಂಡು, 1 ಎಚ್‌ಪಿ ಮೋಟರು, ಬೆಲ್ಟು, ಮೇಲೆ 10 ಇಂಚಿನ ಬ್ಲೇಡು. ಎಲ್ಲ ಅಚ್ಚುಕಟ್ಟು. ಪ್ಲಗ್ ಕೈಗೆತ್ತಿಕೊಂಡರೆ ಮೇಲಿನ ದಪ್ಪ ಅರ್ಥ್ ಪಿನ್ನೇ ಇಲ್ಲ. ಹ್ಯಾಕ್ಸಾದಲ್ಲಿ ಕೊಯ್ದ ಜಾಗದ ಹಿತ್ತಾಳೆ ಇನ್ನೂ ಹೊಳೆಯುತ್ತಿತ್ತು.

“ಅರ್ಥಿಂಗ್ ಬರ್ತಿತ್ತು ಸಾರ್, ಅದಕ್ಕೇ ತೆಗೆದುಬಿಟ್ಟೆ. ಈಗ ಏನೂ ತೊಂದ್ರೆ ಇಲ್ಲ.”

ಈ ಮಾತನ್ನು ಎಷ್ಟು ಸಲ ಕೇಳುವುದು! ಫ್ರಿಡ್ಜ್ ಮುಟ್ಟಿದರೆ ಅರ್ಥಿಂಗ್ ಬರುತ್ತದೆ, ಗ್ರೈಂಡರಿನಲ್ಲಿ ಅರ್ಥ್ ಹೊಡೆಯುತ್ತದೆ, ಪಂಪ್‌ಸೆಟ್ ಸ್ಟಾರ್ಟರ್ ಅರ್ಥ್ ಆಗಿದೆ. ಬರುವುದು, ಹೊಡೆಯುವುದು ಕರೆಂಟು. ಅದು ನಮ್ಮ ಮೈಮೇಲೆ ಹಾಯದಂತೆ ಮಣ್ಣಿಗೆ ದಾರಿ ಮಾಡಿಕೊಡುವ ಏರ್ಪಾಡಿಗೆ ಅರ್ಥಿಂಗ್ ಎಂದು ಹೆಸರು. ರೋಗಕ್ಕೆ ಮದ್ದಿನ ಹೆಸರಿಟ್ಟಿದ್ದೇವೆ. ಇಷ್ಟೇ ಆಗಿದ್ದರೆ ಆಡುಮಾತು ಅಂತ ಸುಮ್ಮನಿರಬಹುದಿತ್ತು. ಆದರೆ ಹೆಸರು ತಪ್ಪಿದ್ದರಿಂದ ಕೈಯೂ ತಪ್ಪುತ್ತದೆ: ಅರ್ಥಿಂಗ್ ಬರ್ತಿದೆಯಾ, ಹಾಗಾದರೆ ಅರ್ಥಿಂಗ್ ಕಿತ್ತುಹಾಕು. ಕೊಡೆ ಸೋರುತ್ತದೆ ಅಂತ ಕೊಡೆಯನ್ನೇ ಬಿಸಾಕಿ ಮಳೆಗೆ ನಿಂತ ಹಾಗೆ.

ಅರ್ಥ್ ಎಂದರೆ ಮಣ್ಣು, ಭೂಮಿ. ನಮ್ಮ ‘ಅರ್ಥ’ಕ್ಕೂ ಅದಕ್ಕೂ ನಂಟಿಲ್ಲ, ಕನ್ನಡದಲ್ಲಿ ಬರೆದಾಗ ಮಾತ್ರ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಅಮೆರಿಕದವರು ಇದನ್ನೇ ಗ್ರೌಂಡ್ ಅನ್ನುತ್ತಾರೆ, ಪಠ್ಯಪುಸ್ತಕ ಭೂಸಂಪರ್ಕ ಅನ್ನುತ್ತದೆ. ತಮಾಷೆಯೆಂದರೆ, ಟೆಲಿಗ್ರಾಫಿನವರು ಮಣ್ಣಿಗೆ ತಂತಿ ಇಳಿಬಿಟ್ಟದ್ದು ಯಾರ ಜೀವ ಉಳಿಸುವುದಕ್ಕೂ ಅಲ್ಲ. 1838ರಲ್ಲಿ ಜರ್ಮನಿಯ ಸ್ಟೈನ್‌ಹೈಲ್, ನ್ಯೂರೆಂಬರ್ಗ್–ಫ್ಯೂರ್ಥ್ ರೈಲುಹಳಿಗಳನ್ನೇ ಟೆಲಿಗ್ರಾಫ್ ತಂತಿಯಾಗಿ ಬಳಸಲು ನೋಡಿದ. ಕರೆಂಟು ಹಳಿಯಿಂದ ಹಳಿಗೆ ನೆಲದ ಮೂಲಕವೇ ದಾಟಿಬಿಡುತ್ತಿತ್ತು. ಪ್ರಯೋಗ ಕೆಟ್ಟಿತು, ಆದರೆ ಇನ್ನೊಂದು ಹೊಳೆಯಿತು: ಹೋಗಲು ಒಂದು ತಂತಿ ಸಾಕು, ವಾಪಸು ಬರಲು ಭೂಮಿಯೇ ಇದೆ. ಎರಡನೆಯ ತಂತಿಯ ಖರ್ಚು ಉಳಿಯಿತು. ಅಂದರೆ ಟೆಲಿಗ್ರಾಫಿನವರ ಅರ್ಥ್‌ನಲ್ಲಿ ಕರೆಂಟು ನಿಜವಾಗಿಯೂ ಓಡಾಡುತ್ತಿತ್ತು. ಫೇಸ್ (ಕರೆಂಟು ತರುವ ತಂತಿ) ಒಂದನ್ನೇ ಎಳೆದು, ಗೂಟ ಹೊಡೆದು, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ ಬದಲು ಮಣ್ಣನ್ನೇ ಹಿಡಿದು ಬಲ್ಬು ಉರಿಸುವ ನಮ್ಮ ತೋಟದ ಇಂಜಿನಿಯರುಗಳು ಇನ್ನೂ 1838ರಲ್ಲೇ ಇದ್ದಾರೆ. ಮನೆಯ ಅರ್ಥ್ ತಂತಿ ಹಾಗಲ್ಲ. ಎಲ್ಲ ಸರಿಯಿದ್ದ ದಿನ ಅದಕ್ಕೆ ಕೆಲಸವೇ ಇಲ್ಲ. ಪ್ಲಗ್ಗಿನ ಆ ದಪ್ಪ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದೂ ಸುಮ್ಮನೆ ಅಲ್ಲ. ಪ್ಲಗ್ ಹಾಕುವಾಗ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು.

ಆದರೆ ಪಿನ್ ಕೊಯ್ದ ಮೇಲೆ ಜುಂ ಅನ್ನುವುದು ನಿಂತಿತಲ್ಲ? ಗರಗಸದವರು ಸುಳ್ಳು ಹೇಳಲಿಲ್ಲ. ಮನೆಯ ಅರ್ಥ್ ತಂತಿಗಳೆಲ್ಲ ಒಂದೇ ಬಳ್ಳಿ. ಬಚ್ಚಲಿನ ಗೀಸರ್ ಕಾಯಿಲ್ ತೂತಾಗಿ ನೀರಿಗೆ ಕರೆಂಟು ಬಿಡುತ್ತಿತ್ತು. ಹಿತ್ತಲಿನ ಅರ್ಥ್ ಗುಂಡಿಯಲ್ಲಿ ಜಿಐ ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ಕಡಿದುಹೋಗಿತ್ತು. ಮಣ್ಣಿಗೆ ಇಳಿಯಲಾಗದ ಕರೆಂಟು ಅದೇ ಬಳ್ಳಿ ಹಿಡಿದು ಗರಗಸದ ಸ್ಟ್ಯಾಂಡಿಗೂ ಬಂದಿತ್ತು, ವಾಷಿಂಗ್ ಮಿಷನ್ನಿಗೂ ಹೋಗಿತ್ತು. “ಬಟ್ಟೆ ತೆಗೆಯುವಾಗ ಸ್ವಲ್ಪ ಚುರುಗುಟ್ಟುತ್ತೆ” ಅಂತ ಅವರ ಮನೆಯವರು ಆಮೇಲೆ ಹೇಳಿದರು. ಗರಗಸವನ್ನು ಬಳ್ಳಿಯಿಂದ ಕತ್ತರಿಸಿದ್ದಕ್ಕೆ ಅಲ್ಲಿಗೆ ಬರುವುದು ನಿಂತಿತು, ಗೀಸರ್ ಹಾಗೇ ಇತ್ತು. ನಾಳೆ ಗರಗಸದ್ದೇ ವೈಂಡಿಂಗ್ ಸುಟ್ಟು ಕರೆಂಟು ಬಾಡಿಗೆ ಬಂದರೆ (ಎಲೆಕ್ಟ್ರಿಷಿಯನ್ ಕನ್ನಡದ ಬಾಡಿ, ಅಂದರೆ ಯಂತ್ರದ ಲೋಹದ ಮೈ; ಬಾಡಿಗೆ ಅಲ್ಲ!) ಇಳಿಯುವ ದಾರಿ ಅವರ ಮೈ ಒಂದೇ.

“ಎಂಸಿಬಿ ಇದೆಯಲ್ಲ, ಬೀಳತ್ತೆ” ಅನ್ನುವವರಿಗೆ ಲೆಕ್ಕ. ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದಾಗ ತಾನೇ ಬೀಳುವ ಸ್ವಿಚ್ಚು. ಮೈಯ ತಡೆ ಸುಮಾರು 1,500 ಓಮ್ ಅಂತ ಹಿಡಿದರೆ 230 ವೋಲ್ಟಿಗೆ ಹರಿಯುವುದು 150 ಮಿಲಿಆಂಪಿಯರ್. ಎದೆ ನಿಲ್ಲಿಸಲು ಧಾರಾಳ ಸಾಕು, 16 ಆಂಪಿಯರಿನ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ನೀರು ಕಾಣದೆ ಅರ್ಥ್ ಗುಂಡಿಯ ತಡೆ 50 ಓಮ್ ಮುಟ್ಟಿದ್ದರೆ ಫೇಸ್ ಪೂರ್ತಿ ಬಾಡಿಗೆ ತಾಗಿದರೂ ಇಳಿಯುವುದು 4.6 ಆಂಪಿಯರ್, ಆಗಲೂ ಎಂಸಿಬಿ ಗಪ್‌ಚುಪ್. ಈ ಸೋರಿಕೆ ಹಿಡಿಯುವುದು ಇನ್ನೊಂದು ಸ್ವಿಚ್ಚು, 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಫೇಸಿನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸು ಬಾರದಿದ್ದರೆ ಅದು ಬೀಳುತ್ತದೆ. ಎಂಸಿಬಿ ವೈರಿಂಗ್ ಕಾಯುತ್ತದೆ, ಆರ್‌ಸಿಸಿಬಿ ಮನುಷ್ಯರನ್ನು. ಅದು ಪದೇ ಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸುವವರ ವಿಷಯ ಇಲ್ಲಿ ಎತ್ತುವುದಿಲ್ಲ, ಬಿ.ಪಿ. ಏರುತ್ತದೆ.

ಕೈಯಲ್ಲಿ ಹಿಡಿಯುವ ಕಟ್ಟರ್‌ಗಳಿಗೆ ಎರಡೇ ಪಿನ್ ಇರುವುದು ಬೇರೆ ಕಥೆ. ನೇಮ್‌ಪ್ಲೇಟಿನಲ್ಲಿ ಚೌಕದೊಳಗೊಂದು ಚೌಕ ಇದ್ದರೆ ಅದು ಡಬಲ್ ಇನ್ಸುಲೇಷನ್, ಅಂದರೆ ಕರೆಂಟು ತಡೆಯುವ ಹೊದಿಕೆ ಎರಡು ಪದರ, ಅರ್ಥ್ ಬೇಡ. ಅದಕ್ಕೆ ಮೂರನೇ ತಂತಿ ಸೇರಿಸಲು ಹೋಗಬೇಡಿ. ಆದರೆ ಅದರೊಳಗೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದ ಪುಡಿ ಕರೆಂಟು ಹಾಯಿಸುತ್ತದೆ. ಮರದ ಹೊಟ್ಟಿನ ಜತೆ, ಮಳೆಗಾಲದ ತೇವದ ಜತೆ ಸೇರಿ ಒಳಗೆ ಅಂಟಿಕೊಂಡರೆ ಸೋರಿಕೆಗೆ ಅದೇ ಸೇತುವೆ. ಪ್ಲಗ್ ಕಿತ್ತು ಆಗಾಗ ಬ್ಲೋವರ್ ಹಿಡಿಯಿರಿ, ಕಾರ್ಬನ್ ಬದಲಿಸುವಾಗ ಜೋಡಿಯಾಗೇ ಬದಲಿಸಿ. ಬ್ಲೇಡ್ ಮೊಂಡಾದ ಮೇಲೂ ಒತ್ತಿ ಒತ್ತಿ ಕೊಯ್ದರೆ ಮೋಟರಿನ ವೇಗ ತಗ್ಗಿ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಅದೇ ಶಾಫ್ಟಿನ ಫ್ಯಾನೂ ನಿಧಾನ, ಆರ್ಮೇಚರ್ (ಮೋಟರಿನ ತಿರುಗುವ ತಂತಿಸುರುಳಿ) ಸುಟ್ಟ ವಾಸನೆ ಬರುವುದು ಹೀಗೆ.

ಗೀಸರ್ ಕಾಯಿಲ್ ಬದಲಾಯಿತು, ಗುಂಡಿಗೆ ಹೊಸ ತಂತಿ, ಇದ್ದಿಲು, ಉಪ್ಪು ಬಿತ್ತು, ಗರಗಸಕ್ಕೆ ಮೂರು ಪಿನ್ನಿನ ಹೊಸ ಪ್ಲಗ್ ಬಂತು. ಮೊನ್ನೆ ಅವರೇ ಫೋನ್ ಮಾಡಿದರು: “ಅರ್ಥಿಂಗ್ ಸರಿ ಮಾಡಿಸಿದೆ ಸಾರ್. ಈಗ ಅರ್ಥಿಂಗ್ ಬರ್ತಿಲ್ಲ.”