ಅಂಗಳದ ತುಂಬ ಹೂವಿದೆ, ಜೇನು ಯಾಕೆ ಬರಲ್ಲ?

ಪ್ರಶ್ನೆ: ನಮ್ಮ ಮನೆ ತೀರ್ಥಹಳ್ಳಿಯಿಂದ ಸ್ವಲ್ಪ ಒಳಗಡೆ ಇದೆ. ಅಂಗಳದ ತುಂಬ ಡೇರೆ, ಗುಲಾಬಿ, ಮುದ್ದೆ ದಾಸವಾಳ, ಸೇವಂತಿಗೆ ಬೆಳೆಸಿದ್ದೇನೆ. ನೋಡಿದವರೆಲ್ಲ ಹೊಗಳುತ್ತಾರೆ. ಆದರೆ ಜೇನು ಕಾಣುವುದು ಅಪರೂಪ, ಹಕ್ಕಿಗಳೂ ಅಷ್ಟಕ್ಕಷ್ಟೆ. ಹಿತ್ತಲಲ್ಲಿ ಹತ್ತು ಗುಂಟೆ ಜಾಗ ಖಾಲಿ ಬಿದ್ದಿದೆ. ಯಾವ ಮರ, ಯಾವ ಗಿಡ ಹಾಕಲಿ? ಎಷ್ಟು ವರ್ಷ ಕಾಯಬೇಕು?

ಉತ್ತರ: ಮೊದಲು ನಿಮ್ಮ ಡೇರೆಯನ್ನೇ ನೋಡೋಣ. ಮಲೆನಾಡಿನಲ್ಲಿ ಡೇರೆ ಅಂದರೆ ಹೆಂಗಸರಿಗೆ ಪ್ರಾಣ. ಗೆಡ್ಡೆ ಹಂಚಿಕೊಳ್ಳುವುದು, ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಅಂತ ಲೆಕ್ಕ ಇಡುವುದು, ಎಲ್ಲ ಗೊತ್ತಿದ್ದದ್ದೇ. ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ತಟ್ಟೆಯಷ್ಟು ದೊಡ್ಡ, ಎಸಳಿನ ಮೇಲೆ ಎಸಳು ತುಂಬಿದ ಡೇರೆಯಲ್ಲಿ ಜೇನಿಗೆ ಊಟ ಇಲ್ಲ. ಡೇರೆ, ಸೇವಂತಿಗೆ, ಚೆಂಡುಹೂಗಳ ನಡುವೆ ಹಳದಿ ಬೊಟ್ಟಿನ ಹಾಗೆ ಕಾಣುತ್ತದಲ್ಲ, ಅಲ್ಲಿರುವ ಸಣ್ಣ ಸಣ್ಣ ಹೂಗಳಲ್ಲೇ ಮಕರಂದ, ಪರಾಗ ಇರುವುದು. ಹೂ ದೊಡ್ಡದಾಗಿ, ತುಂಬಿಕೊಂಡು ಕಾಣಲಿ ಅಂತ ತಳಿ ಆರಿಸುತ್ತ ಹೋದಾಗ ಆ ಬೊಟ್ಟಿನ ಜಾಗವನ್ನೂ ಎಸಳೇ ತುಂಬಿಬಿಟ್ಟಿತು. ಮುದ್ದೆ ದಾಸವಾಳದ ಕತೆಯೂ ಇದೇ. ಅಲ್ಲಿ ಕೇಸರಗಳೇ ಎಸಳಾಗಿವೆ. ಮುದ್ದೆ ಹೂಗಳ ಪಕ್ಕದಲ್ಲೇ ಒಂದು ಸುತ್ತಿನ ಡೇರೆ, ಐದು ಎಸಳಿನ ಸಾದಾ ದಾಸವಾಳ ನೆಟ್ಟು ನೋಡಿ. ವ್ಯತ್ಯಾಸ ಒಂದೇ ಬೆಳಿಗ್ಗೆಯಲ್ಲಿ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಣ್ಣ. ಜೇನಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ನಮಗೆ ಕಾಣದ ಅತಿನೇರಳೆ ಬೆಳಕು ಅದಕ್ಕೆ ಕಾಣುತ್ತದೆ. ಜೇನಿಗೆ ಬಣ್ಣ ಗುರುತಿಸಲು ಬರುತ್ತದೆ ಅಂತ ಪ್ರಯೋಗ ಮಾಡಿ ತೋರಿಸಿದವರು ಕಾರ್ಲ್ ಫಾನ್ ಫ್ರಿಶ್. ಜೇನಿನ ಕುಣಿತದ ಅರ್ಥ ಬಿಡಿಸಿದವರೂ ಅವರೇ. 1973ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಹಕ್ಕಿಗಳದು ಇದಕ್ಕೆ ತಿರುಗುಮುರುಗು. ಕೆಂಪು ಅವುಗಳ ಕಣ್ಣಿಗೆ ಥಟ್ಟನೆ ಬೀಳುತ್ತದೆ. ಅದಕ್ಕೇ ಬೂರುಗ, ಮುತ್ತುಗ, ಹಾಲುವಾಣ, ಸಾದಾ ಕೆಂಪು ದಾಸವಾಳ ಇವೆಲ್ಲ ಸೂರಕ್ಕಿ, ಗೊರವಂಕ, ಕಾಜಾಣಗಳ ಹೋಟೆಲು. ಬಿಳಿ, ಹಳದಿ, ನೇರಳೆ ಬಣ್ಣದ ಸಣ್ಣ ಗೊಂಚಲು ಹೂಗಳು ಜೇನಿನ ಹೋಟೆಲು. ನೂರಕ್ಕೆ ನೂರು ಹೀಗೇ ಅಂತಲ್ಲ, ಬೂರುಗದ ಮರದಲ್ಲಿ ಜೇನಿನ ಗುಂಯ್ ಸದ್ದೂ ಕೇಳುತ್ತದೆ. ಗಿಡ ಆರಿಸುವಾಗ ಅಂದಾಜಿಗೆ ಇಷ್ಟು ಸಾಕು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಯಾವ ಗಿಡ ಅಂತ ಕೇಳುವ ಮೊದಲು ಯಾವ ತಿಂಗಳು ಅಂತ ಕೇಳಿಕೊಳ್ಳಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಮೇವಿಗೆ ಸಾಮಾನ್ಯವಾಗಿ ಗೂಡಿನಿಂದ ಒಂದು ಕಿಲೋಮೀಟರ್ ಆಸುಪಾಸು ತಿರುಗುತ್ತದೆ. ಕುಟುಕದ ಸಣ್ಣ ಮಿಸ್ರಿ ಜೇನು ಇನ್ನೂ ಹತ್ತಿರದಲ್ಲೇ ಸುತ್ತುತ್ತದೆ. ಅಷ್ಟು ದೂರದೊಳಗೆ ನಿಮ್ಮ ಹಿತ್ತಲು ಒಂದೇ ಅಲ್ಲ, ಪಕ್ಕದ ತೋಟ, ತೋಟಕ್ಕೆ ಸೊಪ್ಪು ಕಡಿಯುವ ಬೆಟ್ಟ, ಹೊಳೆ ಬದಿ ಎಲ್ಲ ಇದೆ. ಜನವರಿಯಿಂದ ಮೇವರೆಗೆ ಮಲೆನಾಡಿನಲ್ಲಿ ಹೂವಿಗೆ ಏನೂ ಬರ ಇಲ್ಲ. ಬೂರುಗ, ಹಾಲುವಾಣ ಮುಗಿಯುವಷ್ಟರಲ್ಲಿ ಕಾಫಿ ಹೂ ಮಳೆ ಬೀಳುತ್ತದೆ, ಮೂರ್ನಾಲ್ಕು ದಿನ ತೋಟವೆಲ್ಲ ಬೆಳ್ಳಗಾಗುತ್ತದೆ. ಆಮೇಲೆ ಶಿವನೆ, ಹೊಂಗೆ, ನೇರಳೆ, ಮತ್ತಿ. ಆ ಹೊತ್ತಿನಲ್ಲಿ ನಿಮ್ಮ ಅಂಗಳದ ಎರಡು ಗಿಡಕ್ಕೆ ಜೇನು ಯಾಕೆ ಬರಬೇಕು? ಕಾಡಿನಲ್ಲಿ ಮದುವೆ ಊಟ ನಡೀತಿರುತ್ತದೆ.

ಪರದಾಟ ಶುರುವಾಗುವುದು ಆರಿದ್ರ ಮಳೆ ಹಿಡಿದ ಮೇಲೆ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರ್ ದಾಟುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳದ್ದೇ. ಹೂ ಕಡಿಮೆ. ಇದ್ದ ಹೂವಿನ ಮಕರಂದವೂ ಮಳೆಗೆ ತೊಳೆದು ಹೋಗುತ್ತದೆ, ಜೇನಿಗೆ ಹೊರಗೆ ಹಾರಲೂ ಆಗುವುದಿಲ್ಲ. ಹೆಜ್ಜೇನು ಜಾಣ, ಮಳೆಗೆ ಮೊದಲೇ ಗೂಡು ಬಿಟ್ಟು ಬಯಲುಸೀಮೆ ಕಡೆ ಹೊರಟುಬಿಡುತ್ತದೆ. ತುಡುವೆ, ಮಿಸ್ರಿ ಇಲ್ಲೇ ಉಳಿಯುತ್ತವೆ. ಪೆಟ್ಟಿಗೆಯಲ್ಲಿ ಜೇನು ಸಾಕಿದವರು ಆಷಾಢದಲ್ಲಿ ಸಕ್ಕರೆ ಪಾಕ ಇಡುವುದು ಇದಕ್ಕೇ. ನೀವು ಹಾಕುವ ಗಿಡ ಈ ಖಾಲಿ ತಿಂಗಳಿಗೆ ಒದಗಿದರೆ, ಆಗ ಅದಕ್ಕೊಂದು ಬೆಲೆ.

ಮಳೆಗಾಲಕ್ಕೆ ಮರ ಹುಡುಕುವುದು ಕಷ್ಟ. ತೆಂಗು ಇದ್ದರೆ ಪುಣ್ಯ, ತಿಂಗಳಿಗೊಂದರಂತೆ ಹೊಂಬಾಳೆ ಬಿಡುವುದರಿಂದ ವರ್ಷವಿಡೀ ಅಷ್ಟೋ ಇಷ್ಟೋ ಸಿಗುತ್ತದೆ. ಉಳಿದದ್ದು ಸಣ್ಣ ಗಿಡಗಳ ಕೆಲಸ. ಕರ್ಣಕುಂಡಲ ಒಂದು ಸಾಲು ಹಾಕಿ, ಮುದ್ದೆ ತಳಿ ಬೇಡ, ಹಳೇ ಕಾಲದ ಒಂಟಿ ಸುತ್ತಿನದು. ಹೀರೆ, ಸೌತೆ, ಸಿಹಿಗುಂಬಳ ಚಪ್ಪರಕ್ಕೆ ಹಬ್ಬಿಸಿ. ತೋಟದಲ್ಲಿ ನೆರಳಿದ್ದರೆ ನಾಲ್ಕು ಬುಡ ಏಲಕ್ಕಿ. ಏಲಕ್ಕಿ ಹೂ ಅರಳಿ ಇರುವುದು ಒಂದೇ ದಿನ, ಅಷ್ಟರಲ್ಲಿ ಜೇನು ಬಂದು ಹೋಗದಿದ್ದರೆ ಕಾಯಿ ಕಟ್ಟುವುದಿಲ್ಲ, ಹಾಗಾಗಿ ಲಾಭ ಇಬ್ಬರಿಗೂ. ದಣಪೆ (ಬೇಲಿ ಬಾಗಿಲು) ಪಕ್ಕದ ನಾಚಿಕೆ ಮುಳ್ಳನ್ನೂ ಪೂರ್ತಿ ಕಿತ್ತು ಹಾಕಬೇಡಿ. ಬೆಳಿಗ್ಗೆ ಬಿಸಿಲು ಇಣುಕಿದ ಅರ್ಧ ಗಂಟೆಯಲ್ಲಿ ಅದರ ಗುಲಾಬಿ ಚೆಂಡಿನ ಮೇಲೆ ಪರಾಗಕ್ಕಾಗಿ ಜೇನು ಮುತ್ತುವುದನ್ನು ನೋಡಬೇಕು. ಮಳೆ ತಗ್ಗಿದ ಮೇಲೆ ತುಂಬೆ ಗಿಡ ತಾನಾಗೇ ಏಳುತ್ತದೆ. ನೀವು ಮಾಡಬೇಕಾದ್ದು ಇಷ್ಟೇ: ಹಬ್ಬದ ಮುಂಚೆ ಅಂಗಳ ಹೆರೆಯುವಾಗ ಒಂದು ಮೂಲೆ ಹಾಗೇ ಬಿಡುವುದು.

ಹಿತ್ತಲ ಅಂಚಿನ ಮಣ್ಣಿನ ಧರೆಯ ಮೇಲೆ ನೆಕ್ಕರಿಕದ ಗಿಡ ಇದ್ದರೆ ಅದನ್ನೂ ಉಳಿಸಿ. ಕೆನ್ನೀಲಿ ಹೂ, ತಿಂದರೆ ನಾಲಿಗೆ ಕಪ್ಪಾಗುವ ಹಣ್ಣು. ಇದರ ಪರಾಗ ಸಣ್ಣ ತೂತಿನ ಚೀಲದಂಥ ಕೇಸರದೊಳಗೆ ಇರುತ್ತದೆ, ಅಲುಗಿಸಿದರೆ ಮಾತ್ರ ಉದುರುತ್ತದೆ. ತುಡುವೆಗೆ ಆ ವಿದ್ಯೆ ಗೊತ್ತಿಲ್ಲ. ಮರ ಕೊರೆಯುವ ಕಪ್ಪು ದುಂಬಿ ಮತ್ತು ಹೊಟ್ಟೆ ಮೇಲೆ ನೀಲಿ ಪಟ್ಟಿ ಇರುವ ಒಂಟಿ ಜೇನು ಬಂದು ಹೂವನ್ನು ಅಪ್ಪಿ ಹಿಡಿದು ಗುಂಯ್ ಅಂತ ನಡುಗಿಸುತ್ತವೆ. ಬದನೆ, ಟೊಮೆಟೊ ಹೂವೂ ಇದೇ ಜಾತಿಯ ಉಪಚಾರ ಕೇಳುವಂಥದ್ದು. ನೆಕ್ಕರಿಕಕ್ಕೆ ಬಂದ ದುಂಬಿ ನಿಮ್ಮ ಬದನೆಗೂ ಬರುತ್ತದೆ. ಈ ದುಂಬಿ ಗೂಡು ಮಾಡುವುದು ಒಣ ಬಿದಿರಿನಲ್ಲಿ, ಒಣ ಮರದಲ್ಲಿ. ಕೊಟ್ಟಿಗೆ ಹಿಂದೆ ಹಳೇ ಗಳ ನಾಲ್ಕು ಇದ್ದರೆ ಇರಲಿ ಬಿಡಿ.

ಇನ್ನು ಮರಗಳು. ಹತ್ತು ಗುಂಟೆಯಲ್ಲಿ ನಾನಾದರೆ ಮೊದಲು ನೆಡುವುದು ಅಂಟುವಾಳ. ಕಾಡಿನ ಉಳಿದ ದೊಡ್ಡ ಮರಗಳು ಬೇಸಿಗೆಗೆ ಕಾಯುತ್ತಿರುವಾಗ, ಚಳಿ ಶುರುವಾಗುವ ಹೊತ್ತಿಗೇ ಇದು ಹೂ ಬಿಡುತ್ತದೆ. ಹೂ ಏನೂ ಚಂದ ಇಲ್ಲ, ಮಾಸಿದ ಬಿಳಿ ಗೊಂಚಲು. ಆದರೆ ಮರದ ಕೆಳಗೆ ನಿಂತರೆ ಹೊಳೆ ಹರಿದ ಹಾಗೆ ಜೇನಿನ ಸದ್ದು. ಮಳೆಗಾಲ ಕಳೆದು ಬಡವಾದ ಗೂಡುಗಳು ಚೇತರಿಸಿಕೊಳ್ಳುವುದು ಇಂಥ ಹೂವಿನಿಂದ. ಜೊತೆಗೆ ಕಾಯಿ ತಲೆಗೂ ಆಯಿತು, ಪಾತ್ರೆಗೂ ಆಯಿತು. ಎರಡನೆಯದು ಹೊನ್ನೆ. ಮಳೆ ಬಿಡುವ ಹೊತ್ತಿಗೆ ಹಳದಿ ಹೂ. ಬೆಳೆಯುವುದು ನಿಧಾನ, ನಾಟಾ ಮರ ಬೇರೆ, ಮುಂದೆ ಕಡಿಯಬೇಕು ಅಂದರೆ ಅರಣ್ಯ ಇಲಾಖೆ ಅನುಮತಿ ಬೇಕಾಗುತ್ತದೆ. ಕಡಿಯುವ ಯೋಚನೆ ಇಲ್ಲದವರು ಕಣ್ಣು ಮುಚ್ಚಿ ನೆಡಬಹುದು. ಒಂದು ಮಾತು: ಸೊಪ್ಪಿಗೆ ಅಂತ ವರ್ಷ ವರ್ಷ ಕೊಂಬೆ ಸವರಿದ ಮರ ಸರಿಯಾಗಿ ಹೂ ಬಿಡುವುದಿಲ್ಲ. ಬೆಟ್ಟದಲ್ಲಿ ಮತ್ತಿ, ಹೊನ್ನೆ, ನೇರಳೆ ಸಾಲುಸಾಲು ನಿಂತಿದ್ದರೂ ಜೇನಿಗೆ ಏನೂ ಸಿಗದೇ ಇರುವುದಕ್ಕೆ ಇದೂ ಕಾರಣ. ಹೊಸ ಮರ ನೆಡುವುದಕ್ಕಿಂತ ಇದ್ದ ನಾಲ್ಕು ಮರವನ್ನು ಸರದಿ ಮೇಲೆ ಸವರದೇ ಬಿಡುವುದು ಬೇಗ ಫಲ ಕೊಡುತ್ತದೆ.

ಎಲ್ಲರೂ ಮರೆಯುವ ಗಿಡ ಕರಿಬೇವು. ಒಗ್ಗರಣೆಗೆ ಅಂತ ಚಿವುಟಿ ಚಿವುಟಿ ಮೊಣಕಾಲೆತ್ತರದಲ್ಲೇ ಇಟ್ಟಿರುತ್ತೇವೆ. ಒಂದು ಗಿಡವನ್ನು ಮಾತ್ರ ಮುಟ್ಟದೇ ಬೆಳೆಯಲು ಬಿಡಿ. ಬೇಸಿಗೆಯಲ್ಲಿ ಬಿಳಿ ಹೂ ಗೊಂಚಲು ಬರುತ್ತದೆ, ಜೇನು ಬರುತ್ತದೆ. ಆಮೇಲೆ ಕಪ್ಪು ಹಣ್ಣು, ಅದಕ್ಕೆ ಪಿಕಳಾರ, ಕೋಗಿಲೆ, ಕುಟ್ರ ಸಾಲಾಗಿ ಬರುತ್ತವೆ. ಒಂದೇ ಗಿಡದಲ್ಲಿ ಎರಡೂ ಕಡೆಯ ನೆಂಟರು. ಬೀಜ ಬಿದ್ದಲ್ಲೆಲ್ಲ ಸಸಿ ಏಳುತ್ತದೆ, ಊರಿಗೆಲ್ಲ ಹಂಚಬಹುದು.

ಹಕ್ಕಿಗೆ ಅಂತಲೇ ನೆಡುವುದಾದರೆ ಅತ್ತಿ, ಬಸರಿ, ಗೋಳಿಯ ಸಮ ಯಾವುದೂ ಇಲ್ಲ. ಅತ್ತಿ ಹೂ ಕಂಡವರಿಲ್ಲ ಅಂತಾರಲ್ಲ, ಹೂ ಇರುವುದು ಕಾಯಿಯ ಒಳಗೆ. ಹಣ್ಣು ಬಿಚ್ಚಿದರೆ ಸಿಗುವ ಹುಳ ಅಂದರೆ ಆ ಹೂವಿಗೆ ಪರಾಗ ತರುವ ಸಣ್ಣ ಕಣಜ. ಹಾಗಾಗಿ ಈ ಮರಗಳಿಂದ ಜೇನಿಗೆ ಏನೂ ಇಲ್ಲ. ಹಕ್ಕಿಗೆ ಮಾತ್ರ ಹಬ್ಬ. ಒಂದೇ ಜಾತಿಯ ಮರಗಳೂ ಬೇರೆ ಬೇರೆ ಹೊತ್ತಿನಲ್ಲಿ ಹಣ್ಣಾಗುವುದರಿಂದ, ಬೇರೆಲ್ಲೂ ತಿನ್ನಲು ಸಿಗದ ದಿನಗಳಲ್ಲಿ ಮಂಗಟ್ಟೆ, ಹಸಿರು ಪಾರಿವಾಳ, ಕುಟ್ರ ಎಲ್ಲ ಇವುಗಳನ್ನೇ ನಂಬಿರುತ್ತವೆ. ಆದರೆ ಮನೆ, ಬಾವಿ, ಕಾಂಪೌಂಡಿನ ಹತ್ತಿರ ಖಂಡಿತ ಬೇಡ. ಬಾವಿ ಕಟ್ಟೆಯ ಬಿರುಕಿನಲ್ಲಿ ಹುಟ್ಟಿದ ಗೋಳಿ ಸಸಿಯನ್ನು 'ಇರಲಿ ಪಾಪ' ಅಂತ ಬಿಟ್ಟು ನಾನೇ ಪಾಠ ಕಲಿತವನು. ಐದನೇ ವರ್ಷ ಕಟ್ಟೆಯ ಕಲ್ಲು ಎದ್ದು ಬಂತು. ತೋಟದ ಅಂಚಿನಲ್ಲಿ, ಹಳ್ಳದ ಬದಿಯಲ್ಲಿ ಜಾಗ ಕೊಡಿ.

ಸಂಪಿಗೆಯೂ ಹಾಗೇ. ಹೂವಿನ ಪರಿಮಳ ನಮಗೆ, ಜೇನಿಗೆ ಅದರಲ್ಲಿ ಅಂಥ ಆಸೆ ಇಲ್ಲ. ಆದರೆ ಕಾಯಿ ಒಡೆದು ಕೆಂಪು ಬೀಜ ಹೊರಬಂದ ದಿನ ಪಿಕಳಾರ, ಕುಟ್ರ, ಕಾಮಳ್ಳಿಗಳ ಜಾತ್ರೆ. ಹೂವೆಲ್ಲ ಕೊಯ್ದು ಮುಡಿದರೆ ಬೀಜ ಎಲ್ಲಿಂದ ಬರಬೇಕು? ಮೇಲಿನ ಕೊಂಬೆಗಳನ್ನು ಹಕ್ಕಿಗೆ ಬಿಡಿ, ಹೇಗೂ ಕೈಗೆ ಎಟುಕುವುದಿಲ್ಲ.

ಇನ್ನೊಂದು ಬದನಿಕೆ. ಮಾವಿನ ಕೊಂಬೆ ಮೇಲೆ ಅಂಟಿಕೊಂಡು ರಸ ಹೀರುವ ಈ ಗಿಡ ತೋಟದವರ ಶತ್ರು. ಆದರೆ ಅದರ ಕೊಳವೆ ಹೂ ಸೂರಕ್ಕಿಗೆ, ಅಂಟು ಹಣ್ಣು ಬದನಿಕೆ ಹಕ್ಕಿಗೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಿರುವ ಆ ಹಕ್ಕಿಯೇ ಬೀಜವನ್ನು ಕೊಂಬೆಗೆ ಉಜ್ಜಿ ಅಂಟಿಸಿ ಹೋಗುತ್ತದೆ. ಫಲ ಕೊಡುವ ಮರದಿಂದ ತೆಗೆಯಿರಿ, ಹಿತ್ತಲ ಮೂಲೆಯ ಹಳೇ ಮರದಲ್ಲಿ ಒಂದು ಗೊಂಚಲು ಇದ್ದರೆ ನಷ್ಟ ಇಲ್ಲ.

ಬೇಗ ಫಲ ಬೇಕು ಅನ್ನುವವರಿಗೆ ಗಸಗಸೆ ಹಣ್ಣಿನ ಮರ ಇದೆ. ಇದು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ ಬಿಸಿ ನಾಡಿನಿಂದ ಬಂದದ್ದು. ಎರಡು ವರ್ಷದೊಳಗೆ ಹಣ್ಣು, ಹೆಚ್ಚುಕಡಿಮೆ ವರ್ಷವಿಡೀ ಹೂ. ಹಗಲು ಹಕ್ಕಿ, ರಾತ್ರಿ ಬಾವಲಿ. ಬಟ್ಟೆ ಒಣಗಿಸುವ ತಂತಿ, ಅಡಿಕೆ ಒಣಹಾಕುವ ಅಂಗಳ ಇವೆರಡರಿಂದ ದೂರ ನೆಡಿ, ಇಲ್ಲದಿದ್ದರೆ ಮನೆಯವರ ಬೈಗುಳ ತಪ್ಪಿದ್ದಲ್ಲ. ಒಂದು ಸಾಕು.

ನೀರುಕಾಯಿ ಮರ ಮಾತ್ರ ನಾನು ಬೇಡ ಅನ್ನುತ್ತೇನೆ. ಆಫ್ರಿಕಾದಿಂದ ಬಂದದ್ದು, ಕಿತ್ತಳೆ ಬಣ್ಣದ ದೊಡ್ಡ ಹೂ, ಸೂರಕ್ಕಿ ಬರುವುದೂ ನಿಜ. ಆದರೆ ಇದರ ಹೂವಿನೊಳಗೆ ಮಿಸ್ರಿ ಜಾತಿಯ ಸಣ್ಣ ಜೇನುಗಳು ಸತ್ತು ಬಿದ್ದಿರುವುದನ್ನು ಬ್ರೆಜಿಲ್, ಆಸ್ಟ್ರೇಲಿಯಾಗಳಲ್ಲಿ ಸಂಶೋಧಕರು ದಾಖಲಿಸಿದ್ದಾರೆ. ಲಂಟಾನವನ್ನೂ ಚಿಟ್ಟೆ ಬರುತ್ತದೆ ಅಂತ ತಂದು ನೆಡಬೇಡಿ. ಪಿಕಳಾರ ಹಣ್ಣು ತಿಂದು ಊರೆಲ್ಲ ಬಿತ್ತುತ್ತದೆ, ಆಮೇಲೆ ಕೀಳುವವರು ಯಾರು?

ನೀವು ಕೇಳಿಲ್ಲ, ಆದರೂ ಹೇಳಬೇಕು: ಹಣ್ಣಿನ ಮರಕ್ಕೆ ಹಕ್ಕಿಗಿಂತ ಮೊದಲು ಮಂಗ ಬರುತ್ತದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವುದು ಮಂಗದ ಮೈಗೂ ಅಂಟುವ ಉಣುಗು ಎಂಬ ರಕ್ತ ಹೀರುವ ಹುಳ. ಪೇರಳೆ, ಸಪೋಟದಂಥ ದೊಡ್ಡ ಹಣ್ಣುಗಳನ್ನು ಮನೆ ಗೋಡೆಗೆ ತಾಗಿ ಬೆಳೆಸುವ ಬದಲು ಕರಿಬೇವು, ಕೇಪಳದಂಥ ಸಣ್ಣ ಹಣ್ಣಿನ ಗಿಡಗಳನ್ನು ಹತ್ತಿರ ಇಟ್ಟುಕೊಳ್ಳಿ, ದೊಡ್ಡದನ್ನೆಲ್ಲ ದೂರಕ್ಕೆ ಕಳಿಸಿ.

ಹಕ್ಕಿಗೆ ಊಟದ ಜೊತೆ ಮನೆಯೂ ಬೇಕಲ್ವಾ. ಮಂಡಗದ್ದೆಯಲ್ಲಿ ಮಳೆಗಾಲದಲ್ಲಿ ನೀರುಕಾಗೆ, ಬೆಳ್ಳಕ್ಕಿಗಳು ತುಂಗೆಯ ನಡುಗಡ್ಡೆಯ ಮರಗಳಲ್ಲಿ ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಆ ಮರಗಳಲ್ಲಿ ಅವಕ್ಕೆ ತಿನ್ನಲು ಏನೂ ಇಲ್ಲ. ಸುತ್ತ ನೀರಿದೆ, ಬೆಕ್ಕು ಬರಲ್ಲ, ಮನುಷ್ಯ ಬರಲ್ಲ, ಅಷ್ಟೇ. ನಿಮ್ಮ ಹಿತ್ತಲಿಗೆ ಇದನ್ನೇ ಸಣ್ಣದಾಗಿ ಮಾಡಿ: ಬೇಲಿಗೆ ಲಕ್ಕಿ, ಅದರ ಒಳಗೆ ಕೇಪಳ, ದಾಸವಾಳ ಒತ್ತಾಗಿ ಬೆಳೆಯಲಿ. ಲಕ್ಕಿ ಹೂವಿಗೆ ಜೇನು, ಒಳಗಿನ ಪೊದೆಗೆ ಪಿಕಳಾರದ ಗೂಡು. ಒಣಗಿದ ಕೊಂಬೆಯನ್ನು, ಯಾರ ತಲೆ ಮೇಲೂ ಬೀಳುವ ಹಾಗಿಲ್ಲದಿದ್ದರೆ, ಕಡಿಯಬೇಡಿ. ಕುಟ್ರ ಹಕ್ಕಿ ಕೊರೆಯುವುದು ಅಂಥದ್ದನ್ನೇ. ಹಣ್ಣು, ಮಕರಂದ ತಿನ್ನುವ ಹಕ್ಕಿಗಳೂ ಮರಿಗೆ ಕೊಡುವುದು ಹೆಚ್ಚಾಗಿ ಹುಳ. ಹಾಗಾಗಿ ಎಲೆಯಲ್ಲಿ ನಾಲ್ಕು ತೂತು ಕಂಡ ತಕ್ಷಣ ಔಷಧಿ ಹೊಡೆಯಲು ಓಡಬೇಡಿ. ಕೀಟನಾಶಕ ಹೊಡೆಯಲೇಬೇಕಾದರೆ ಹೂ ಇರುವ ಗಿಡ ಬಿಟ್ಟು, ಸಂಜೆ ಜೇನು ಗೂಡಿಗೆ ಹೋದ ಮೇಲೆ.

ಎಷ್ಟು ವರ್ಷ ಅಂತ ಕೇಳಿದಿರಿ. ಕರ್ಣಕುಂಡಲ, ಬಳ್ಳಿ ತರಕಾರಿ ಇದೇ ಮಳೆಗಾಲಕ್ಕೆ. ಗಸಗಸೆ ಎರಡು ವರ್ಷ, ಕರಿಬೇವು ಮೂರ್ನಾಲ್ಕು. ಬೀಜದಿಂದ ಬೆಳೆಸಿದ ನೇರಳೆ, ಅಂಟುವಾಳಕ್ಕೆ ಎಂಟು ಹತ್ತು ವರ್ಷ ಬೇಕು. ಮೃಗಶಿರ ಮಳೆ ಬೀಳುವ ಹೊತ್ತಿಗೆ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಕಾಡು ಜಾತಿಯ ಸಸಿಗಳು ಸಿಗುತ್ತವೆ, ಮೇ ತಿಂಗಳಲ್ಲೇ ಹೋಗಿ ವಿಚಾರಿಸಿಟ್ಟುಕೊಳ್ಳಿ. ಹೂವಿನ ನರ್ಸರಿಗಳಲ್ಲಿ ಅಂಟುವಾಳ ಕೇಳಿದರೆ ನಿಮ್ಮನ್ನೇ ಮೇಲೆ ಕೆಳಗೆ ನೋಡುತ್ತಾರೆ. ಅಲ್ಲಿಯವರೆಗೆ ಒಂದು ಕೆಲಸ ನಾಳೆಯಿಂದಲೇ ಆಗುತ್ತದೆ. ಗಿಡ ಪೊದೆಯಾಗಲಿ ಅಂತ ತುಳಸಿಯ ಕದಿರು ಚಿವುಟುತ್ತೀರಲ್ಲ? ಕಟ್ಟೆಯ ತುಳಸಿಗೆ ಬೇಕಾದರೆ ಚಿವುಟಿ, ಹಿತ್ತಲಲ್ಲಿ ತಾನಾಗಿ ಹುಟ್ಟಿದ ನಾಲ್ಕಾರು ಗಿಡಕ್ಕೆ ಮಾತ್ರ ಕೈ ಹಾಕಬೇಡಿ. ಒಂಬತ್ತು ಗಂಟೆ ಬಿಸಿಲಿಗೆ ಹೋಗಿ ಪಕ್ಕದಲ್ಲಿ ಕೂತು ನೋಡಿ.