ಫೋನಲ್ಲಿ ಎಲ್ಲಾ ಕಾಣುತ್ತೆ, ತೂಕ ಒಂದು ಕಾಣಲ್ಲ

ಹೊಟ್ಟೆಗೆ ಹಾಕಿರೋ ಟ್ಯೂಬಲ್ಲೇ ಊಟ, ಕತ್ತಲ್ಲಿ ಟ್ರೇಕಿಯಾಸ್ಟಮಿ (ಉಸಿರಾಡೋಕೆ ಕುತ್ತಿಗೆಗೆ ತೂತು ಮಾಡಿ ಹಾಕಿರೋ ಟ್ಯೂಬ್), ಫಿಟ್ಸ್‌ಗೆ ಎರಡು ಮೂರು ಔಷಧಿ, ರಾತ್ರಿ ಆಕ್ಸಿಜನ್. ಇಂಥ ಮಕ್ಕಳಿಗೆ ನರದ ಡಾಕ್ಟ್ರು ಬೇರೆ, ಶ್ವಾಸಕೋಶದವ್ರು ಬೇರೆ, ಫಿಸಿಯೋ ಬೇರೆ, ನಾವು ಪ್ರೈಮರಿ ಡಾಕ್ಟ್ರು ಅಂದ್ರೆ ನೆಗಡಿ ಜ್ವರ ಲಸಿಕೆ ಅಷ್ಟೇ ಅಂತ ಲೆಕ್ಕ. 2020ರ ಮಾರ್ಚ್ 11ಕ್ಕೆ ಡಬ್ಲ್ಯೂಎಚ್‌ಒ ಕೋವಿಡ್ ಪ್ಯಾಂಡೆಮಿಕ್ ಅಂತ ಹೇಳಿದ್ಮೇಲೆ ಸ್ಪೆಷಲಿಸ್ಟ್ ಅಪಾಯಿಂಟ್‌ಮೆಂಟ್‌ಗಳು ಒಂದೊಂದಾಗಿ ಮುಂದಕ್ಕೆ ಹೋದ್ವು, ಮನೆಯವ್ರು ಫೋನ್ ಮಾಡಿದ್ರೆ ಎತ್ತೋಕೆ ಉಳಿದಿದ್ದು ನಾವೇ.

ಒಬ್ಬ ಹುಡುಗನ್ನ ಎಂಟು ತಿಂಗಳು ಬರೀ ವಿಡಿಯೋದಲ್ಲೇ ನೋಡ್ತಿದ್ದೆ. ನಿಂತಿದ್ದ ಫಿಟ್ಸ್ ಮತ್ತೆ ಶುರುವಾಯ್ತು, ಇನ್ನೊಂದು ಔಷಧಿ ಸೇರಿಸೋಣ ಅಂತ ಮಾತೂ ಆಯ್ತು. ಬರೆಯೋಕೆ ಕೂತಾಗ ನೋಡ್ತೀನಿ, ಫೈಲಲ್ಲಿರೋ ತೂಕ ಹಳೇದು, 11 ಕೆಜಿ. ಅವ್ರಮ್ಮಂಗೆ ಹೇಳ್ದೆ, ಮೊದ್ಲು ನೀವೊಬ್ರೇ ತೂಕದ ಮಷಿನ್ ಮೇಲೆ ನಿಲ್ಲಿ, ಆಮೇಲೆ ಮಗೂನ ಎತ್ಕೊಂಡು ನಿಲ್ಲಿ, ಕಳೆದು ಹೇಳಿ ಅಂತ. 14 ಬಂತು! ಫಿಟ್ಸ್ ಔಷಧಿ ಕೆಜಿಗೆ 30 ಮಿಲಿಗ್ರಾಂ ಅಂತ ದಿನಕ್ಕೆ 330 ಕೊಡ್ತಿದ್ವಿ, ಮಗು ಬೆಳೀತು ಡೋಸ್ ಬೆಳೀಲಿಲ್ಲ, ಕೆಜಿಗೆ 24ರ ಹತ್ರ ಇಳಿದುಬಿಟ್ಟಿತ್ತು. ಹೊಸ ಔಷಧಿ ಬೇಕಾಗ್ಲೇ ಇಲ್ಲ. ತಪ್ಪು ನಂದೇ, ಮೊದಲನೇ ವಿಡಿಯೋ ಕಾಲ್‌ನಲ್ಲೇ ತೂಕ ಕೇಳ್ಬೇಕಿತ್ತು.

ವಿಡಿಯೋನ ಬೈತಿಲ್ಲ. ಟ್ಯೂಬ್ ಸುತ್ತ ಕೆಂಪಾಗಿದ್ಯಾ, ಪಕ್ಕೆ ಒಳಗೆ ಎಳ್ಕೋತಿದ್ಯಾ ಅಂತ ಚೆನ್ನಾಗೇ ಕಾಣುತ್ತೆ, ಅಂಗಿ ಎತ್ತಿಸಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸ್ಬೇಕು ಅಷ್ಟೇ. ಆದ್ರೆ ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ತೊಂದ್ರೆ) ಇರೋ ಮಗುವಿನ ಸೊಂಟದ ಕೀಲು ನಿಧಾನಕ್ಕೆ ಜಾರ್ತಿದ್ರೆ ಅದು ಕೈಯಲ್ಲಿ ಮುಟ್ಟಿ ನೋಡಿ ಎಕ್ಸ್‌ರೇ ತೆಗೆಸಿದ್ರೇನೇ ಗೊತ್ತಾಗೋದು, ಲಸಿಕೆನಂತೂ ಫೋನಲ್ಲಿ ಚುಚ್ಚೋಕಾಗಲ್ಲ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 2.5 ಕೋಟಿ ಮಕ್ಕಳಿಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಒಂದಾದ್ರೂ ಡೋಸ್ ತಪ್ಪಿತ್ತು ಅಂತ ಡಬ್ಲ್ಯೂಎಚ್‌ಒ, ಯುನಿಸೆಫ್ ಹೇಳಿದ್ವು. ನಾಯಿಕೆಮ್ಮು ಬಂದ್ರೆ ಟ್ರೇಕಿಯಾಸ್ಟಮಿ ಮಗೂಗೆ ಏನಾಗುತ್ತೆ ಯೋಚ್ನೆ ಮಾಡಿ. ಅದಕ್ಕೇ ಇವ್ರಿಗೆ ಬೆಳಿಗ್ಗೆ ಮೊದಲನೇ ಸ್ಲಾಟ್ ಇಟ್ವಿ, ವೇಯ್ಟಿಂಗ್ ರೂಮಲ್ಲಿ ಕೂರಿಸ್ದೆ ಸೀದಾ ಒಳಗೆ.

ಇನ್ನೊಂದು ವಿಷಯ, ಅಮ್ಮಂಗೇ ಕೋವಿಡ್ ಪಾಸಿಟಿವ್ ಬಂದ್ರೆ ಸಕ್ಷನ್ (ಕತ್ತಿನ ಟ್ಯೂಬಲ್ಲಿ ಕಟ್ಕೊಳ್ಳೋ ಕಫ ಎಳೆದು ತೆಗೆಯೋದು) ಮಾಡೋರ್ಯಾರು? ಈ ಪ್ರಶ್ನೆ ಕೇಳಿದ್ರೆ ಎಷ್ಟೋ ಮನೇಲಿ ಉತ್ತರ ಇರ್ಲಿಲ್ಲ. ಅಪ್ಪನೋ ಅಜ್ಜಿನೋ ಎರಡನೇ ಒಬ್ರು ಕಲ್ತಿರ್ಲೇಬೇಕು, ಕಫ ಎಳೆಯೋ ಸಣ್ಣ ಪೈಪ್ ಎಷ್ಟು ಉದ್ದ ಒಳಗೆ ಹೋಗ್ಬೇಕು ಅನ್ನೋದು ಸಮೇತ. ಅದೇ ಸೈಜಿನ ಒಂದು, ಒಂದು ಸೈಜ್ ಚಿಕ್ಕದು ಒಂದು, ಎರಡು ಎಕ್ಸ್‌ಟ್ರಾ ಕತ್ತಿನ ಟ್ಯೂಬ್ ಹಾಸಿಗೆ ಪಕ್ಕದಲ್ಲೇ ಇರ್ಬೇಕು, ಬೀರು ಒಳಗೆ ಅಲ್ಲ.

ಆಮೇಲೆ ಎಮರ್ಜೆನ್ಸೀಲಿ ತೋರಿಸೋಕೆ ಒಂದು ಹಾಳೆ ಬರೆದಿಟ್ಟಿರ್ಬೇಕು. ಟ್ಯೂಬ್ ಸೈಜ್, ಔಷಧಿ ಡೋಸ್, ಫಿಟ್ಸ್ ಬಂದ್ರೆ ಮೊದ್ಲು ಏನ್ ಕೊಡ್ಬೇಕು, ಅಲರ್ಜಿ, ಮಾಮೂಲಿ ಆಕ್ಸಿಜನ್ ನಂಬರ್ (ಬೆರಳಿಗೆ ಹಾಕೋ ಮಷಿನ್ ತೋರಿಸೋ ಪರ್ಸೆಂಟ್). ಈ ಕೊನೇದು ತುಂಬಾ ಮುಖ್ಯ, ಯಾಕಂದ್ರೆ ಕೆಲವು ಹಾರ್ಟ್ ತೊಂದ್ರೆ ಇರೋ ಮಕ್ಕಳು 85ರಲ್ಲೇ ಆರಾಮಾಗಿ ಆಟ ಆಡ್ಕೊಂಡಿರ್ತಾವೆ, ಗೊತ್ತಿಲ್ದೋರು ಎಮರ್ಜೆನ್ಸೀಲಿ ಆ ನಂಬರ್ ನೋಡಿ ಗಾಬರಿ ಬೀಳ್ತಾರೆ, 85 ಮಾಮೂಲಿ ಇರೋ ಮಗೂಗೆ 75 ಆದಾಗ ಇದು ಯಾವಾಗ್ಲೂ ಕಮ್ಮಿನೇ ಅಂತ ಸುಮ್ನಿರೋ ಅಪಾಯನೂ ಅಷ್ಟೇ ಇದೆ.

ಆ ಹುಡುಗನ ಅಮ್ಮ ಈಗ್ಲೂ ತಿಂಗಳ ಒಂದನೇ ತಾರೀಕು ತೂಕದ ಮಷಿನಿಂದು ಎರಡು ಫೋಟೋ ಕಳಿಸ್ತಾರೆ. ಕಳೆಯೋ ಲೆಕ್ಕ ನಂಗೇ ಬಿಟ್ಟಿರ್ತಾರೆ.